ಕೊಡಗಿನಲ್ಲಿ ಶಾಲೆ ನೋಡೋದಾದರೆ ಮಳೆಗಾಲದಲ್ಲಿ ಬನ್ನಿ

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿರುವ ನಮ್ಮವರ ಈ ಗುಂಪಿನಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಊರಿಂದ ಬರುತ್ತಿದೆ. ವಾಪಸ್ ಬಂದರೆ, ಅದೂ ಬೆಂಗಳೂರಿಗಲ್ಲ, ಕೊಡಗಿಗೇ ಬಂದರೆ, ಐದಾರು ವರ್ಷದ ಮಕ್ಕಳಿಗೆ ಶಾಲೆಯಲ್ಲಿ ಓದು, ಆಟ ಎರಡೂ ಸರಿಯಾಗಿ ಸಿಗುತ್ತದಾ? ಡಬ್ಲಿನ್‌ನವರು ಹಾಕಿ ಬಗ್ಗೆ ಕೇಳಿದ್ದಾರೆ. ಮೆಲ್ಬರ್ನ್ ಅಕ್ಕ ಲೈಬ್ರರಿ ಬಗ್ಗೆ ಕೇಳಿದ್ದಾರೆ. ಮಸ್ಕತ್ ಅಣ್ಣ ಮೂರು ಶಾಲೆಗಳ ಬ್ರೋಷರ್ ಹಾಕಿ 'ಯಾವುದು ವಾಸಿ ಹೇಳಿ' ಅಂದಿದ್ದಾರೆ.

ನಾವು ಇಂಗ್ಲೆಂಡಿನಿಂದ ಬಂದು ಪೊನ್ನಂಪೇಟೆ ಕಡೆ ನೆಲೆಸಿದವರು. ಮಗಳು ಅಲ್ಲಿ ಇಯರ್ ಒನ್ (ಐದಾರು ವರ್ಷದವರ ತರಗತಿ) ಮುಗಿಯುವ ಮೊದಲೇ ಬಂದು ಇಲ್ಲಿ ಒಂದನೇ ತರಗತಿಗೆ ಸೇರಿದಳು. ಮಗ ಇಲ್ಲೇ ಎಲ್‌ಕೆಜಿಯಿಂದ ಶುರು ಮಾಡಿದ. ಹಾಗಾಗಿ ಎರಡೂ ಕಡೆಯದನ್ನು ಸ್ವಲ್ಪ ನೋಡಿದ್ದೇನೆ.

ಅಣ್ಣ, ಮೊದಲು ಆ ಬ್ರೋಷರ್‌ಗಳನ್ನು ಪಕ್ಕಕ್ಕಿಡಿ. ಅದರಲ್ಲಿರುವ ಫೋಟೋಗಳೆಲ್ಲ ಡಿಸೆಂಬರ್, ಜನವರಿಯವು. ಹಸಿರು ಮೈದಾನ, ನೀಲಿ ಆಕಾಶ, ಒಗೆದು ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಆ ಎರಡು ತಿಂಗಳು ಕೊಡಗಿನ ಯಾವ ಶಾಲೆಯೂ ಚೆನ್ನಾಗಿಯೇ ಕಾಣುತ್ತದೆ. ಶಾಲೆ ಶುರುವಾಗೋದು ಮೇ ಕೊನೆಗೆ, ಇಲ್ಲ ಜೂನ್ ಮೊದಲಿಗೆ. ಮಳೆಯೂ ಆಗಲೇ ಬರುತ್ತದೆ. ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು. ಅಂದರೆ ಶಾಲಾ ವರ್ಷದ ಮೊದಲ ಅರ್ಧ ಹೆಚ್ಚುಕಮ್ಮಿ ಒಳಗೇ. ಆ ದಿನಗಳಲ್ಲಿ ಸಣ್ಣ ಮಕ್ಕಳನ್ನು ಏನು ಮಾಡಿಸುತ್ತೀರಿ? ಶಾಲೆಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ನನ್ನನ್ನು ಕೇಳಿದರೆ ಬೇರೆ ಪ್ರಶ್ನೆಯೇ ಬೇಕಾಗಿಲ್ಲ. ನೀವು ಬರುವುದೂ ಜುಲೈ, ಆಗಸ್ಟ್ ರಜೆಯಲ್ಲೇ ಅಲ್ವಾ? ಮಳೆ ಅಂತ ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಉಳಿಯಬೇಡಿ. ಶಾಲೆ ನೋಡುವುದಕ್ಕೆ ಅದೇ ಸರಿಯಾದ ಕಾಲ.

ಹೊರಗಿನಿಂದ ಬರುವವರಿಗೆ ಆ ದಿನಗಳ ಅಂದಾಜು ಇರುವುದಿಲ್ಲ. ಮಳೆ ಜಾಸ್ತಿಯಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ರಾತ್ರಿಯೇ ವಾಟ್ಸಾಪ್‌ನಲ್ಲಿ ಮೆಸೇಜ್ ಓಡಾಡುತ್ತದೆ, ಹಳೇ ವರ್ಷದ ಆದೇಶವೂ ಅದರ ಜೊತೆ ಓಡಾಡುತ್ತದೆ. ಆಮೇಲೆ ಶನಿವಾರ ಪೂರ್ತಿ ದಿನ ಶಾಲೆ ಇಟ್ಟು ಆ ಪಾಠ ಸರಿದೂಗಿಸುತ್ತಾರೆ. ಆಗ ಮೊದಲು ಹೋಗೋದು ಆಟದ ಪೀರಿಯಡ್, ಎರಡನೆಯದು ಲೈಬ್ರರಿ ಪೀರಿಯಡ್. ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲು ಆಗುವುದಿಲ್ಲ. ಒಂದು ಶಾಲೆಯಲ್ಲಿ ನಮಗೆ ಸ್ಮಾರ್ಟ್ ಬೋರ್ಡ್ ತೋರಿಸುತ್ತಿದ್ದಾಗಲೇ ಕರೆಂಟ್ ಹೋಯಿತು. ಅದಿಲ್ಲದಾಗ ಮಕ್ಕಳಿಗೆ ಏನು ಅಂತ ಕೇಳಿದೆ. 'ಕಾಪಿ ರೈಟಿಂಗ್' ಅಂದರು.

ಅಲ್ಲಿಗೆ ಆ ಶಾಲೆ ನಮ್ಮ ಪಟ್ಟಿಯಿಂದ ಹೋಯಿತು.

ಈಗ ಓದಿನ ವಿಷಯ. ಇಂಗ್ಲೆಂಡಿನಲ್ಲಿ ನಾಲ್ಕು ವರ್ಷಕ್ಕೇ ಶಾಲೆಯ ಮೊದಲ ತರಗತಿಯಾದ ರಿಸೆಪ್ಶನ್‌ಗೆ ಸೇರಿಸುತ್ತಾರೆ. ಫೋನಿಕ್ಸ್ ಪಾಠ, ಅಂದರೆ ಅಕ್ಷರದ ಸದ್ದು ಕೂಡಿಸಿ ಓದುವ ಪಾಠ, ದಿನವೂ ಇರುತ್ತದೆ. ಮಗು ಚೀಲದಲ್ಲಿ ಒಂದು ತೆಳು ಪುಸ್ತಕ ಮನೆಗೆ ತರುತ್ತದೆ. ಅಪ್ಪ, ಅಮ್ಮ ಓದಿಸಿ ಒಂದು ಸಣ್ಣ ಡೈರಿಯಲ್ಲಿ ಬರೆದು ಕಳಿಸಬೇಕು. ಇಯರ್ ಒನ್ ಕೊನೆಗೆ ಒಂದು ಫೋನಿಕ್ಸ್ ಪರೀಕ್ಷೆಯೂ ಇರುತ್ತದೆ. ಬರೆಸೋದು ಕಮ್ಮಿ, ಓದಿಸೋದು ಜಾಸ್ತಿ. ಇಲ್ಲಿ ಅನೇಕ ಖಾಸಗಿ ಶಾಲೆಗಳಲ್ಲಿ ತಿರುಗುಮುರುಗು. ಎಲ್‌ಕೆಜಿಯಲ್ಲೇ ಪುಟಗಟ್ಟಲೆ ಬರೆಸುತ್ತಾರೆ, ಮಗು ಓದಲು ತೆಗೆದುಕೊಳ್ಳಬಹುದಾದ ಪುಸ್ತಕ ಮಾತ್ರ ತರಗತಿಯಲ್ಲಿ ಇರೋದಿಲ್ಲ. 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಕೆ ಆಗಬೇಕು ಅಂತ 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇದೆ. ಆದರೆ ಪೋಷಕರು ಬರಹದ ಪುಸ್ತಕ ತುಂಬಿದ್ದರೆ ಮಾತ್ರ ಫೀಸಿಗೆ ನ್ಯಾಯ ಸಿಕ್ಕಿತು ಅಂದುಕೊಳ್ಳುತ್ತಾರೆ. ಶಾಲೆಯವರೂ ಹಾಗೇ ತುಂಬಿಸುತ್ತಾರೆ. ತಪ್ಪು ಅವರೊಬ್ಬರದೇ ಅಲ್ಲ.

ಮೆಲ್ಬರ್ನ್ ಅಕ್ಕ, ಲೈಬ್ರರಿ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಹೋಗಿ ನೋಡಿದರೆ ಗಾಜಿನ ಬೀರು, ಅದಕ್ಕೊಂದು ಬೀಗ. ಕೇಳಿದರೆ ಮಳೆಗೆ ಬೂಷ್ಟು ಹಿಡಿಯುತ್ತದೆ, ಮಕ್ಕಳು ಹರಿಯುತ್ತಾರೆ ಅನ್ನುತ್ತಾರೆ. ಬೀಗ ಹಾಕಿದ ಬೀರುವಿನಲ್ಲೇ ಬೂಷ್ಟು ಜಾಸ್ತಿ ಅನ್ನೋದು ಕೊಡಗಿನ ಯಾವ ಮನೆಯವರಿಗೂ ಗೊತ್ತು. ಸಣ್ಣ ಮಕ್ಕಳ ತರಗತಿಗೆ ಹೋದಾಗ ನಾನು ಹುಡುಕೋದು ಹರಿದ ಪುಸ್ತಕ. ಮೂಲೆ ಮಡಚಿ, ಟೇಪ್ ಹಚ್ಚಿ, ರಟ್ಟು ಕಿತ್ತುಹೋದ ಕಥೆ ಪುಸ್ತಕಗಳು ಮಗುವಿನ ಕೈಗೆಟುಕುವ ಎತ್ತರದಲ್ಲಿ ಇದ್ದರೆ ಆ ಟೀಚರ್ ಬಗ್ಗೆ ನಂಬಿಕೆ ಬರುತ್ತದೆ.

ಇದನ್ನು ನಾನು ಚೆನ್ನಾಗಿ ನೋಡಿದ್ದು ಒಂದು ಸರ್ಕಾರಿ ಶಾಲೆಯಲ್ಲಿ, ಹೇಳಲೇಬೇಕು. ನಮ್ಮಲ್ಲಿ ಯಾರೂ ಸರ್ಕಾರಿ ಶಾಲೆಯ ಹೆಸರೇ ಎತ್ತೋದಿಲ್ಲ. ಒಂದರಿಂದ ಮೂರನೇ ತರಗತಿಗೆ ಅಲ್ಲಿ ನಲಿ-ಕಲಿ ನಡೆಯುತ್ತದೆ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಇದು. ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ. ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟಿಗೆ ಕಲಿಕಾ ಏಣಿ ಅನ್ನುತ್ತಾರೆ; ಪ್ರತಿ ಮಗುವೂ ಅದರಲ್ಲಿ ತನ್ನ ಮೆಟ್ಟಿಲಿನ ಕಾರ್ಡ್ ತೆಗೆದುಕೊಂಡು ತನ್ನ ವೇಗದಲ್ಲಿ ಹೋಗುತ್ತದೆ. ಮಳೆಗೆ ನಾಲ್ಕು ದಿನ ಶಾಲೆ ತಪ್ಪಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ. ಕೊಡಗಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಬೇರೆ ಇದೆಯಾ? ಗೋಡೆಯ ಕೆಳಭಾಗದ ಹಲಗೆ ಮಕ್ಕಳಿಗೇ ಬಿಟ್ಟದ್ದು. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರು ಬರೆದ ಚಿತ್ರ, ಕತ್ತರಿಸಿದ ಕಾಗದ ತೂಗುತ್ತಿರುತ್ತದೆ. ಎಲ್ಲ ಕಡೆ ಹೀಗೇ ಇದೆ ಅಂತ ಹೇಳೋಲ್ಲ. ಟೀಚರ್ ಒಬ್ಬರೇ ಇದ್ದು, ಲೆಕ್ಕಪತ್ರ, ಬಿಸಿಯೂಟ, ಸಭೆ ಅಂತ ಓಡಾಡುವ ಕಡೆ ಕಾರ್ಡ್‌ಗಳು ಪೆಟ್ಟಿಗೆಯಲ್ಲೇ ಇರುತ್ತವೆ.

ಕನ್ನಡ ಮಾತಾಡುತ್ತದೆ, ಓದೋಕೆ ಬರೋಲ್ಲ ಅನ್ನುವ ಮಕ್ಕಳು ನಮ್ಮ ಗುಂಪಿನ ಮನೆಗಳಲ್ಲೇ ತುಂಬಾ ಇದ್ದಾರೆ. ಅವರಿಗೂ ಇದೇ ಕ್ರಮ ಚೆನ್ನ. ಅ ಆ ಇ ಈ ಅಂತ ಪೂರ್ತಿ ವರ್ಣಮಾಲೆ ಬಾಯಿಪಾಠ ಮಾಡಿಸುವ ಬದಲು ರ, ಗ, ಸ, ದ, ಅ ಇಷ್ಟರಿಂದ ಶುರು ಮಾಡುತ್ತಾರೆ. ಐದೇ ಅಕ್ಷರ. ಆದರೆ ಸರ, ರಸ, ಅರಸ, ಅಗಸ, ಗದಗ ಎಲ್ಲ ಓದಬಹುದು. ಮಗುವಿಗೆ ಮೊದಲಿನಿಂದಲೇ 'ನನಗೆ ಓದೋಕೆ ಬರುತ್ತೆ' ಅನ್ನುವ ಜಂಬ ಬರುತ್ತದೆ. ಆಮೇಲೆ ಜ, ವ, ಮ, ಬ, ನ. ಕಾಗುಣಿತ, ಒತ್ತಕ್ಷರಕ್ಕೆ ಅವಸರ ಬೇಡ. ಕನ್ನಡದಲ್ಲಿ ಅಕ್ಷರ ರೂಪಗಳು ನೂರಾರು. ಅವೆಲ್ಲ ಕೂರಲು ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೂ ಮೂರ್ನಾಲ್ಕು ವರ್ಷ ಬೇಕು. ಸಿಬಿಎಸ್‌ಇ ಆಗಲಿ, ಐಸಿಎಸ್‌ಇ ಆಗಲಿ, 2015ರ ಕನ್ನಡ ಕಲಿಕಾ ಕಾಯ್ದೆಯ ಪ್ರಕಾರ ಕನ್ನಡ ಇದ್ದೇ ಇರುತ್ತದೆ. ಹಾಗಾಗಿ ಬರುವ ಮೊದಲೇ ಅಲ್ಲಿಂದಲೇ ಶುರು ಮಾಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಓದುವ ಮಟ್ಟದ ಪ್ರಕಾರ ಬೇರೆ ಮಾಡಿಟ್ಟಿದ್ದಾರೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರು ಅದನ್ನು ನಿಲ್ಲಿಸಬೇಡಿ. ಕಥೆ ಕನ್ನಡದಲ್ಲಿ ಓದಿ, ಅದರ ಬಗ್ಗೆ ಮಾತು ನಿಮ್ಮ ಭಾಷೆಯಲ್ಲೇ ಆಗಲಿ. ಇಲ್ಲಿನ ತರಗತಿಯಲ್ಲಿ ಮಲಯಾಳ, ತುಳು, ಯರವ ಭಾಷೆ ಆಡುವ ಮಕ್ಕಳೂ ಇರುತ್ತಾರೆ. ಯಾರಿಗೂ ಅದೊಂದು ತೊಡಕಾಗಿ ಕಾಣುವುದಿಲ್ಲ.

ಶಾಲೆಯ ಪುಸ್ತಕದ ಬೀರುವಿನ ಬೀಗ ತೆಗೆಸಲು ಆಗದಿದ್ದರೆ ಗ್ರಾಮ ಪಂಚಾಯಿತಿ ಲೈಬ್ರರಿ ಇದೆ. 2020ರಲ್ಲಿ 'ಓದುವ ಬೆಳಕು' ಅಂತ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನಮ್ಮ ಕಡೆಯ ಲೈಬ್ರರಿಯಲ್ಲಿ ಪುಸ್ತಕ ಕಮ್ಮಿ, ಆದರೆ ಇರುವುದನ್ನು ಮಕ್ಕಳ ಕೈಗೆ ಕೊಡುತ್ತಾರೆ.

ಇನ್ನು ಆಟ. ಡಬ್ಲಿನ್‌ನವರೇ, ಹಾಕಿ ಬಗ್ಗೆ ಚಿಂತೆ ಮಾಡಬೇಡಿ. ಮಗು ಕೊಡಗಿಗೆ ಬಂದು ಹಾಕಿಯಿಂದ ತಪ್ಪಿಸಿಕೊಳ್ಳೋದು ಹೇಗೆ ಅಂತ ಬೇಕಾದರೆ ಕೇಳಿ! 1997ರಲ್ಲಿ ಕರಡ ಅನ್ನುವ ಊರಿನಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳಿಗೆ ಮುಟ್ಟಿತು, ಗಿನ್ನೆಸ್ ದಾಖಲೆಯೂ ಆಯಿತು. ಒಂದೇ ತಂಡದಲ್ಲಿ ಹೆಂಗಸರು, ವಯಸ್ಸಾದವರು, ಹುಡುಗರು ಎಲ್ಲ ಆಡುತ್ತಾರೆ. ಅದು ನಡೆಯೋದು ಬೇಸಿಗೆ ರಜೆಯಲ್ಲಿ. ಅದೇ ಹೊತ್ತಿಗೆ ಊರೂರಲ್ಲಿ ಬೇಸಿಗೆ ಶಿಬಿರಗಳೂ ಇರುತ್ತವೆ. ಹಾಕಿ ಸ್ಟಿಕ್ ಹಿಡಿಯೋದು ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಣ್ಣಂದಿರನ್ನು ನೋಡಿ ತಾನೇ ಹಿಡಿಯುತ್ತದೆ.

ನನಗೆ ಬೇಜಾರಾಗೋದು ಬೇರೆ ವಿಷಯಕ್ಕೆ. ಆರು ವರ್ಷದ ಮಗುವನ್ನು ಒಂದೇ ಆಟಕ್ಕೆ ಕಟ್ಟಿಹಾಕುತ್ತಾರೆ. ಆ ವಯಸ್ಸಿಗೆ ಬೇಕಾದ್ದು ಓಟ, ಜಿಗಿತ, ಎಸೆತ, ಹಿಡಿತ, ಒಂಟಿ ಕಾಲಲ್ಲಿ ನಿಲ್ಲೋದು, ಬಿದ್ದರೆ ಪೆಟ್ಟಾಗದ ಹಾಗೆ ಉರುಳೋದು. 1973ರ ಹಾಕಿ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ನಮ್ಮ ಎಂ.ಪಿ. ಗಣೇಶ್ ಹಾಕಿಗೆ ಮೊದಲು ಫುಟ್‌ಬಾಲ್ ಆಡಿದವರು. ಕುಂಟೆಬಿಲ್ಲೆ, ಲಗೋರಿ ಆಡಿಸುವ ಪಿಟಿ ಮೇಷ್ಟ್ರು ಸಿಕ್ಕರೆ ಟರ್ಫ್ (ಕೃತಕ ಹುಲ್ಲಿನ ಮೈದಾನ) ಇರುವ ಶಾಲೆಗಿಂತ ವಾಸಿ. ಟರ್ಫ್ ಹೇಗೂ ದೊಡ್ಡ ಮಕ್ಕಳಿಗೇ ಮೀಸಲು, ಚಿಕ್ಕವರು ಬೇಲಿಯಾಚೆ ನಿಂತು ಚಪ್ಪಾಳೆ ಹೊಡೆಯುತ್ತಾರೆ. ವಾರ್ಷಿಕ ಕ್ರೀಡಾಕೂಟದಲ್ಲಿ ಒಂದು ಲೆಮನ್ ಸ್ಪೂನ್ ರೇಸ್ ಓಡಿದರೆ ಅವರ ಕ್ರೀಡೆ ಮುಗಿಯಿತು!

ಮಳೆಯಲ್ಲಿ ಆಟವೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪೋಲ್ಲ. ಜುಲೈ, ಆಗಸ್ಟ್‌ನಲ್ಲಿ ಕೆಸರುಗದ್ದೆ ಕ್ರೀಡಾಕೂಟಗಳು ನಡೆಯುತ್ತವೆ. ಮಡಿಕೇರಿ ಹತ್ತಿರ ಕಗ್ಗೋಡ್ಲಿನದು ಹೆಸರಾಗಿದೆ. ಹಗ್ಗಜಗ್ಗಾಟ, ವಾಲಿಬಾಲ್, ಮಕ್ಕಳಿಗೂ ಓಟ. ನಾಟಿ ಮುಗಿದ ಮೇಲೆ ದೊಡ್ಡ ಗದ್ದೆಯಲ್ಲಿ ನಾಟಿ ಓಟ ಓಡುವ ಪದ್ಧತಿ ಹಿಂದಿನಿಂದಲೂ ಇದೆ. ಪಕ್ಕದ ಗದ್ದೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಧೈರ್ಯ ಶಾಲೆಗೆ ಇರಬೇಕು, ಬಟ್ಟೆ ಕೊಳೆಯಾಯಿತು ಅಂತ ನಾವೂ ದೂರಬಾರದು. ಹೊರಗೆ ಹೋಗಲಾಗದ ದಿನ ಅಳಗುಳಿಮಣೆ, ಚೌಕಾಬಾರ, ಕಲ್ಲಾಟ ಇವೆ. ಅಳಗುಳಿಮಣೆಯಲ್ಲಿ ಹುಣಸೆ ಬೀಜ ಹಂಚುತ್ತಾ ಹಂಚುತ್ತಾ ಮಗ ಎಣಿಕೆ, ಕೂಡುವ ಲೆಕ್ಕ ಕಲಿತ. ಎಲ್‌ಕೆಜಿ ವರ್ಕ್‌ಬುಕ್ ಅರ್ಧ ಖಾಲಿ ಉಳಿಯಿತು, ನಾವೂ ಕೇಳಲು ಹೋಗಲಿಲ್ಲ.

ಇನ್ನೊಂದು ಮಾತು, ಬೆಂಗಳೂರಿನವರಿಗೆ ಅರ್ಥವಾಗದ್ದು. ಶಾಲೆ ಬಿಟ್ಟ ಮೇಲೆ ಈಜು, ಕರಾಟೆ, ಚೆಸ್ ಅಂತ ಸೇರಿಸುವ ಲೆಕ್ಕ ಇಲ್ಲಿ ನಡೆಯೋಲ್ಲ. ತೋಟದ ರಸ್ತೆ, ಸಂಜೆ ಬೇಗ ಕತ್ತಲು. ಸಿದ್ದಾಪುರ, ಮಾಲ್ದಾರೆ ಕಡೆ ಆನೆ ರಸ್ತೆಗೇ ಬರುತ್ತದೆ. ಮಗು ಬೆಳಕಿರುವಾಗಲೇ ಮನೆ ಸೇರಬೇಕು. ಅದಕ್ಕೇ ಓದು, ಆಟ, ಹಾಡು ಎಲ್ಲ ಶಾಲೆಯ ಸಮಯದೊಳಗೇ ಇರಬೇಕು. ವೇಳಾಪಟ್ಟಿ ಕೇಳಿ ನೋಡಿ. 'ಆಕ್ಟಿವಿಟಿ' ಅಂತ ಬರೆದಿದ್ದರೆ, ಮೊನ್ನೆ ಶುಕ್ರವಾರ ಏನು ಮಾಡಿಸಿದಿರಿ ಅಂತ ಕೇಳಿ. ಶಾಲೆಯ ದೂರವನ್ನೂ ಲೆಕ್ಕ ಹಾಕಿ. ಪ್ರತಿದಿನ ಒಂದೊಂದು ಗಂಟೆ ವ್ಯಾನಿನಲ್ಲಿ ಕೂರುವ ಮಗುವಿಗೆ ಯಾವ ಆಕ್ಟಿವಿಟಿಯೂ ಹತ್ತೋದಿಲ್ಲ.

ಮಸ್ಕತ್ ಅಣ್ಣ ಕೂಡಿಗೆಯ ಸೈನಿಕ ಶಾಲೆ ಬಗ್ಗೆಯೂ ಕೇಳಿದ್ದರು. ಅದಕ್ಕೆ ಸೇರೋದು 6ನೇ ಮತ್ತು 9ನೇ ತರಗತಿಗೆ, ಪ್ರವೇಶ ಪರೀಕ್ಷೆ ಬರೆದು. ನಿಮ್ಮ ಮಗನಿಗೆ ಐದು ವರ್ಷ. ಈಗಿನಿಂದಲೇ ಕೋಚಿಂಗ್ ಲೆಕ್ಕ ಹಾಕಬೇಡಿ. ಮೂರನೇ ತರಗತಿಯಿಂದಲೇ ಭಾನುವಾರ ಕೋಚಿಂಗ್‌ಗೆ ಹೋಗುವ ಮಕ್ಕಳನ್ನು ಇಲ್ಲಿ ನೋಡುತ್ತಿದ್ದೇನೆ, ಪಾಪ ಅನ್ನಿಸುತ್ತದೆ.

ವಯಸ್ಸಿನ ವಿಷಯ ಕೇಳಿದವರಿಗೆ: ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ರಾಜ್ಯದಲ್ಲಿ ಬಂದಿದೆ. 2025-26ಕ್ಕೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನೀವು ಸೇರಿಸುವ ವರ್ಷದ ಸುತ್ತೋಲೆ ನೋಡಿಕೊಳ್ಳಿ. ಅಲ್ಲಿ ಇಯರ್ ಒನ್ ಮುಗಿಸಿದ ಮಗು ಇಲ್ಲಿ ಒಂದನೇ ತರಗತಿಗೇ ಕೂರಬಹುದು. ಹಿಂದೆ ಬಿತ್ತು ಅಂತ ಅಜ್ಜಿ, ತಾತ ಗಲಾಟೆ ಮಾಡುತ್ತಾರೆ. ಮಾಡಲಿ ಬಿಡಿ, ಕನ್ನಡ ಹಿಡಿಯಲು ಆ ವರ್ಷ ಬೇಕೇ ಬೇಕು.

ಸಾಮಾನಿನ ಬಗ್ಗೆ ಕೇಳಿದ್ದೀರಿ. ಹಾಕಿ ಸ್ಟಿಕ್ ತರಬೇಡಿ, ಇಲ್ಲಿ ಬೇಕಾದಷ್ಟು ಸಿಗುತ್ತದೆ. ಆ ಜಾಗದಲ್ಲಿ ಮಕ್ಕಳ ಇಂಗ್ಲಿಷ್ ಕಥೆ ಪುಸ್ತಕ ತುಂಬಿ, ಮನೆಯಲ್ಲಿ ಓದಿ ಆದ ಮೇಲೆ ಶಾಲೆಗೆ ಕೊಡಬಹುದು. ಚಿಕ್ಕ ಅಳತೆಯ ಗಮ್‌ಬೂಟು ಮಾತ್ರ ಅಲ್ಲಿಂದಲೇ ತನ್ನಿ, ಗೋಣಿಕೊಪ್ಪದಲ್ಲಿ ಹುಡುಕಿದರೂ ನಮಗೆ ಸಿಗಲಿಲ್ಲ. ಒಂದು ಸೈಜ್ ದೊಡ್ಡದೇ ಇರಲಿ. ಆಗಸ್ಟ್‌ನಲ್ಲಿ ಬರುವವರು ಮೊದಲೇ ತಿಳಿಸಿದರೆ ನಮ್ಮ ಮಕ್ಕಳ ಶಾಲೆಯ ಟೀಚರನ್ನು ಕೇಳಿ ಒಂದು ದಿನ ಗೊತ್ತು ಮಾಡುತ್ತೇನೆ. ಅವತ್ತು ರಜೆ ಘೋಷಣೆಯಾದರೆ ಮಾತ್ರ ನನ್ನನ್ನು ಬೈಯಬೇಡಿ.