ಸಹಾಯ ಬೇಕು: ಟ್ಯಾಂಕಿನಿಂದ ಪ್ರಿಂಟ್‌ಹೆಡ್‌ಗೆ ಸಯಾನ್ ಇಂಕ್ ಸಾಕಷ್ಟು ಹರಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ದಟ್ಟ ಬಣ್ಣದ ಚಿತ್ರವನ್ನು ಮುದ್ರಿಸಿದರೆ, ಪುಟದ ಮೇಲ್ಭಾಗ ಚೆನ್ನಾಗಿ ಬಂದು, ಕೆಳಗಿಳಿದಂತೆ ಸಯಾನ್ (ಹಸಿರು ಛಾಯೆಯ ನೀಲಿ) ತೆಳುವಾಗುತ್ತಾ ಕೊನೆಗೆ ಪೂರ್ತಿ ಮಾಯವಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನಾಝಲ್ ಚೆಕ್ (ಇಂಕ್ ಚಿಮ್ಮುವ ರಂಧ್ರಗಳನ್ನು ಪರೀಕ್ಷಿಸುವ ಮುದ್ರಣ) ತೆಗೆದರೆ ಗೆರೆಗಳೆಲ್ಲ ಸರಿಯಾಗಿಯೇ ಇರುತ್ತವೆ. ಆದ್ದರಿಂದ ನಾಝಲ್ ಕಟ್ಟಿಕೊಂಡಿಲ್ಲ, ಇಂಕ್ ಪೂರೈಕೆಯೇ ಸಾಲುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಪ್ರಿಂಟರ್‌ನಲ್ಲಿ ಮುದ್ರಣದ ವೇಳೆ ಇಂಕನ್ನು ಯಾವ ಪಂಪೂ ಹೆಡ್‌ಗೆ ತಳ್ಳುವುದಿಲ್ಲ. ಹನಿ ಹೊರಬಿದ್ದ ಕೂಡಲೇ ನಾಝಲ್‌ನ ಸೂಕ್ಷ್ಮ ರಂಧ್ರ ಕೇಶಾಕರ್ಷಣೆಯಿಂದ ಹೊಸ ಇಂಕನ್ನು ಎಳೆದುಕೊಳ್ಳುತ್ತದೆ. ಆ ಸೆಳೆತಕ್ಕೆ ಕೊಳವೆಯಲ್ಲಿರುವ ಇಂಕ್ ಡ್ಯಾಂಪರ್ (ಕೊಳವೆಗೂ ಹೆಡ್‌ಗೂ ನಡುವಿನ, ಒತ್ತಡದ ಏರಿಳಿತ ತಗ್ಗಿಸುವ ಸಣ್ಣ ಇಂಕ್ ಕೋಣೆ) ಮೂಲಕ ಹಿಂಬಾಲಿಸುತ್ತದೆ. ಟ್ಯಾಂಕಿನ ಇಂಕ್ ಮಟ್ಟ ಹೆಡ್‌ಗಿಂತ ತುಸು ಕೆಳಗಿರುವುದರಿಂದ ಒಳಗೆ ಸಣ್ಣ ಋಣ ಒತ್ತಡ ಉಂಟಾಗಿ, ಇಂಕ್ ತಾನಾಗಿ ಸೋರುವುದಿಲ್ಲ. ಇಷ್ಟು ನಾಜೂಕಾದ ಹರಿವಿಗೆ ಸಣ್ಣ ತಡೆಯೂ ದೊಡ್ಡದೇ.

ಟಾರ್ಚ್ ಬೆಳಕಿನಲ್ಲಿ ನೋಡಿದಾಗ, ಹೆಡ್ ಹತ್ತಿರದ ತಿರುವಿನಲ್ಲಿ ಸಯಾನ್ ಕೊಳವೆಯೊಳಗೆ ಬೆರಳಗಲದಷ್ಟು ಗಾಳಿ ನಿಂತಿರುವುದು ಕಾಣುತ್ತದೆ. ಹೆಡ್ ಓಡಾಡುವಾಗ ಅದು ಹಿಂದೆ ಮುಂದೆ ಸರಿಯುತ್ತದೆಯೇ ಹೊರತು ಹೊರಹೋಗುವುದಿಲ್ಲ. ಉಳಿದ ಬಣ್ಣಗಳ ಕೊಳವೆಗಳು ತುಂಬಿವೆ. ಟ್ಯಾಂಕಿನಲ್ಲಿಯೂ ಇಂಕ್ ಸಾಕಷ್ಟಿದೆ.

ತೊಂದರೆಗೆ ಈ ಗಾಳಿಯೇ ಕಾರಣವೇ, ಡ್ಯಾಂಪರ್‌ನ ಜಾಲರಿ ಕಟ್ಟಿಕೊಂಡಿದೆಯೇ, ಅಥವಾ ಟ್ಯಾಂಕಿನ ಗಾಳಿರಂಧ್ರ ಮುಚ್ಚಿಹೋಗಿದೆಯೇ ಎಂಬುದನ್ನು ಹೆಡ್ ಬಿಚ್ಚದೆ ಪತ್ತೆಹಚ್ಚುವುದು ಹೇಗೆ? ಪವರ್ ಕ್ಲೀನಿಂಗ್ ಮಾಡಿದರೆ ಪಂಪ್ ಎಲ್ಲ ಬಣ್ಣಗಳನ್ನೂ ಎಳೆದು, ಪೋಲಾದ ಇಂಕನ್ನು ಹೀರಿಕೊಳ್ಳುವ ವೇಸ್ಟ್ ಪ್ಯಾಡ್‌ಗೆ ಸುರಿಯುವುದರಿಂದ, ಅದನ್ನು ಮತ್ತೆ ಮತ್ತೆ ಮಾಡಲು ನನಗೆ ಮನಸ್ಸಿಲ್ಲ. ಡ್ಯಾಂಪರ್ ತುದಿಗೆ ಸಿರಿಂಜ್ ಹಚ್ಚಿ ಗಾಳಿಯನ್ನು ಎಳೆದು ತೆಗೆದವರಿದ್ದರೆ, ಎಷ್ಟು ನಿಧಾನವಾಗಿ ಎಳೆಯಬೇಕು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.