ಮಂತ್ರ ಕಲಿಯುವ ವಿದ್ಯಾರ್ಥಿಗಳು, ಅವರು ಕರೆಯುವ ಸ್ಪಿರಿಟ್‌ಗಳು: ಕೂಡಿ ಬರೆಯುವ ರೋಲ್‌ಪ್ಲೇಗೆ ತಯಾರಿ ಹೇಗೆ?

ಪ್ರಶ್ನೆ

ನಾವು ಆರು ಜನ ಗೆಳೆಯರು. ಇಬ್ಬರು ಮೈಸೂರು, ಇಬ್ಬರು ಬೆಂಗಳೂರು, ಒಬ್ಬಳು ಹುಬ್ಬಳ್ಳಿ, ಒಬ್ಬ ಈಗ ಜರ್ಮನಿ. ಡಿಸ್ಕಾರ್ಡ್‌ನಲ್ಲಿ ಕನ್ನಡದಲ್ಲೇ ಒಂದು ಫ್ಯಾಂಟಸಿ ರೋಲ್‌ಪ್ಲೇ ಶುರು ಮಾಡೋಣ ಅಂತಿದ್ದೇವೆ. ಒಬ್ಬೊಬ್ಬರಿಗೆ ಒಂದು ಪಾತ್ರ, ಸರದಿಯಲ್ಲಿ ಬರೆಯುತ್ತಾ ಹೋಗುವುದು. ಮಂತ್ರವಿದ್ಯೆ ಕಲಿಯುವ ವಿದ್ಯಾರ್ಥಿಗಳು, ಅವರು ಕರೆದರೆ ಬರುವ ಸ್ಪಿರಿಟ್‌ಗಳು. ಸದ್ಯಕ್ಕೆ ಇಷ್ಟೇ ತಲೆಯಲ್ಲಿರುವುದು. ಹಿಂದೆ ಒಮ್ಮೆ ಶುರು ಮಾಡಿದ್ದು ಎರಡೇ ವಾರಕ್ಕೆ ನಿಂತುಹೋಯಿತು. ಈ ಸಲ ಹಾಗಾಗಬಾರದು. ಮೊದಲೇ ಏನೇನು ಮಾತಾಡಿಕೊಳ್ಳಬೇಕು? ಆಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1

ನಮ್ಮದೂ ಇಂಥದ್ದೇ ಆಟ, ಎರಡು ವರ್ಷ ನಡೆಯಿತು. ಅದಕ್ಕೂ ಮುಂಚಿನದು ಮೂರನೇ ವಾರಕ್ಕೇ ಮುಗಿಯಿತು. ಎರಡನ್ನೂ ನೋಡಿದ ಮೇಲೆ ನಾನು ಎಲ್ಲರಿಗೂ ಮೊದಲು ಹೇಳುವುದು ಇದು: ಕರೆಯುವ ವಿದ್ಯಾರ್ಥಿಯನ್ನೂ ಅವನ ಸ್ಪಿರಿಟ್ಟನ್ನೂ ಒಬ್ಬರ ಕೈಗೇ ಕೊಡಬೇಡಿ.

ಮೊದಲ ಆಟದಲ್ಲಿ ನಾವು ಆ ತಪ್ಪು ಮಾಡಿದ್ದೆವು. ಅವರವರ ಸ್ಪಿರಿಟ್ ಅವರವರೇ ಬರೆಯುತ್ತಿದ್ದರು. ಕರೆದ, ಬಂತು, ಬೆಂಕಿ ಉಗುಳಿತು, ಹೋಯಿತು. ಅದು ಕೈಯಲ್ಲಿರುವ ಕತ್ತಿಗಿಂತ ಹೆಚ್ಚೇನೂ ಆಗಲಿಲ್ಲ. ಯಾರಿಗೂ ಯಾರ ಅಗತ್ಯವೂ ಇರಲಿಲ್ಲ. ಬೇರೆಯವರು ಬರೆದದ್ದನ್ನು ಓದಿ 'ಚೆನ್ನಾಗಿದೆ' ಅನ್ನುವುದು ಬಿಟ್ಟು ಮಾಡಲು ಏನೂ ಉಳಿಯಲಿಲ್ಲ. ನಿಮ್ಮದು ಎರಡು ವಾರಕ್ಕೆ ನಿಂತದ್ದೂ ಇದಕ್ಕೇ ಇರಬಹುದು, ಒಮ್ಮೆ ನೆನಪು ಮಾಡಿಕೊಂಡು ನೋಡಿ.

ಎರಡನೇ ಸಲ ಆರೂ ಹೆಸರನ್ನು ವೃತ್ತದಲ್ಲಿ ಬರೆದುಕೊಂಡೆವು. ನಿಮ್ಮ ಬಲಗಡೆ ಇರುವವರ ಸ್ಪಿರಿಟ್ ನಿಮ್ಮದು. ಅಂದರೆ ಪ್ರತಿಯೊಬ್ಬರಿಗೂ ಒಬ್ಬ ವಿದ್ಯಾರ್ಥಿ, ಜೊತೆಗೆ ಇನ್ನೊಬ್ಬರ ಸ್ಪಿರಿಟ್. ಆಗ ಕರೆಯುವುದು ಅಂದರೆ ನಿಜವಾಗಿಯೂ ಕರೆಯುವುದೇ ಆಯಿತು. ಬರುತ್ತದೋ ಇಲ್ಲವೋ, ಬಂದರೆ ಏನು ಕೇಳುತ್ತದೋ, ಬರೆದವರಿಗೇ ಗೊತ್ತಿಲ್ಲ. ರಾತ್ರಿ ಮಲಗುವ ಮುಂಚೆ ಇನ್ನೊಂದು ಸಲ ಫೋನ್ ತೆಗೆದು ನೋಡುವ ಹಾಗಾಯಿತು.

ಕರೆಯುವ ಮುಂಚೆ ಇಬ್ಬರೂ ಸೇರಿ ಒಂದು ಓಲೆ ಬರೆಯಬೇಕು ಅಂತ ನಿಯಮ ಇಟ್ಟೆವು. ಅದರಲ್ಲಿ ಮೂರೇ ಸಾಲು. ಸ್ಪಿರಿಟ್ ಏನು ಮಾಡಿಕೊಡುತ್ತದೆ, ಏನು ಮಾಡುವುದಿಲ್ಲ, ಬದಲಿಗೆ ಏನು ತೆಗೆದುಕೊಳ್ಳುತ್ತದೆ. ಬೇತಾಳನ ಕತೆ ನಮಗೆಲ್ಲ ಯಾಕೆ ನೆನಪಿದೆ ಹೇಳಿ? ಹೆಗಲ ಮೇಲೆ ಬೇತಾಳ, ಮಾತಾಡಿದರೆ ಅದು ಮತ್ತೆ ಮರಕ್ಕೆ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು. ಆ ಷರತ್ತು ತೆಗೆದುಬಿಟ್ಟರೆ ಬರೀ ಹೆಣ ಹೊರುವ ಕೆಲಸ ಉಳಿಯುತ್ತದೆ. ಹಾಗಾಗಿ ಶಕ್ತಿಗಳ ಪಟ್ಟಿ ಮಾಡುತ್ತಾ ಕೂರಬೇಡಿ, ಆ ಹೊತ್ತನ್ನು ಷರತ್ತಿಗೆ ಕೊಡಿ.

ಒಂದು ಉದಾಹರಣೆ. ನಮ್ಮಲ್ಲಿ ಒಬ್ಬ ಹುಡುಗ ಬತ್ತಿದ ಬಾವಿಯ ಸ್ಪಿರಿಟ್ಟನ್ನು ಕರೆದ. ಅದರ ಹೆಸರು ಒರತೆ. ಅದನ್ನು ಬರೆಯುತ್ತಿದ್ದವರು ಓಲೆಯ ಮೂರನೇ ಸಾಲಿನಲ್ಲಿ ಹಾಕಿದ್ದು ಇಷ್ಟೇ: 'ನಿನ್ನ ನಾಲಿಗೆಯ ಉಪ್ಪು ನನಗೆ.' ಆಗ ಅದು ಯಾರಿಗೂ ದೊಡ್ಡದು ಅನಿಸಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಕತೆಯಲ್ಲಿ ಹುಡುಗನ ಅಮ್ಮ ಊರಿಂದ ಭರಣಿ ತುಂಬ ಮಾವಿನ ಮಿಡಿ ಉಪ್ಪಿನಕಾಯಿ ತಂದಳು. ಅವನು ಒಂದು ಮಿಡಿ ಕಚ್ಚಿದ. ಕಚ್ಚಿದ ಸದ್ದು ಮಾತ್ರ ಬಂತು. ಅಮ್ಮ ಮುಖ ನೋಡುತ್ತಿದ್ದಾಳೆ. 'ಈ ವರ್ಷ ಉಪ್ಪು ಸರಿಯಾಗಿದೆಯಾ?' ಅಂತ ಕೇಳುತ್ತಾಳೆ. 'ಸರಿಯಾಗಿದೆ ಅಮ್ಮ' ಅನ್ನುತ್ತಾನೆ. ಅದನ್ನು ಓದಿ ನಾವ್ಯಾರೂ ಆ ದಿನ ಮುಂದಿನ ಸಾಲು ಬರೆಯಲಿಲ್ಲ.

ಜಾಗದ ಬಗ್ಗೆ: ಕೋಟೆ, ಗೋಪುರ, ಹಿಮ ಬೇಡ ಅಂತ ಮೊದಲೇ ಒಪ್ಪಿಕೊಂಡಿದ್ದೆವು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ ನಾಗಾವಿ ಇದೆ. 11ನೇ ಶತಮಾನದಲ್ಲಿ ಅಲ್ಲಿ ದೊಡ್ಡ ಘಟಿಕಾಸ್ಥಾನ, ಅಂದರೆ ಹಳೆಯ ಕಾಲದ ಉನ್ನತ ವಿದ್ಯಾಕೇಂದ್ರ ಇತ್ತು. 1058ರ ಶಾಸನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50 ವಿದ್ಯಾರ್ಥಿಗಳ ಲೆಕ್ಕ ಸಿಗುತ್ತದೆ. ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ಕಾಯುವವರು. ಈ ಆರು ಜನರನ್ನು ನೋಡಿದ್ದೇ ನಮ್ಮ ಕತೆ ಹೊಳೆಯಿತು. ನಮ್ಮ ಕಲ್ಪನೆಯ ಘಟಿಕೆಯಲ್ಲಿ ಐದು ಭಂಡಾರಿಗರು ಪುಸ್ತಕ ಕಾಯುತ್ತಾರೆ, ಆರನೆಯವನು ಸ್ಪಿರಿಟ್‌ಗಳ ಓಲೆ ಕಾಯುತ್ತಾನೆ. ಊಟಕ್ಕೆ ಜೋಳದ ರೊಟ್ಟಿ, ಬೇಸಿಗೆಯಲ್ಲಿ ಕಾದ ಕಲ್ಲಿನ ಮೇಲೆ ಕಾಲಿಡಲಾಗದ ಬಿಸಿಲು. ಇಂಥದ್ದನ್ನು ಬರೆಯಲು ಯಾರೂ ತಡಕಾಡಬೇಕಾಗಿಲ್ಲ.

ವೇಗದ ಬಗ್ಗೆ: 48 ಗಂಟೆಗೆ ಒಂದು ಸರದಿ ಇಡಿ. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಎಲ್ಲರೂ ಒಟ್ಟಿಗೆ ಕೂತು ಬರೆಯುವ ಆಸೆ ಇಟ್ಟುಕೊಂಡರೆ ಅವನು ಬೇಗ ಹಿಂದೆ ಬೀಳುತ್ತಾನೆ. ಇನ್ನೊಂದು ಚಿಕ್ಕ ವಿಷಯ. ಡಿಸ್ಕಾರ್ಡ್‌ನಲ್ಲಿ ದುಡ್ಡು ಕಟ್ಟದಿದ್ದರೆ ಒಂದು ಮೆಸೇಜಿಗೆ 2000 ಅಕ್ಷರ. ಕನ್ನಡದಲ್ಲಿ ಅದು ಬೇಗ ತುಂಬುತ್ತದೆ. 'ಕ್ಷ' ನಮ್ಮ ಕಣ್ಣಿಗೆ ಒಂದೇ, ಅದರ ಲೆಕ್ಕಕ್ಕೆ ಮೂರು. ಉದ್ದ ಬರೆಯುವವರು ಎರಡು ತುಂಡು ಮಾಡಿ ಹಾಕಲಿ. ಕತೆಗೆ ಒಂದು ಚಾನೆಲ್, ಹರಟೆಗೆ ಒಂದು, ಓಲೆಗಳಿಗೆ ಒಂದು. ಕತೆಯ ಮಧ್ಯೆ ಹರಟೆ ಬಂದರೆ ಆಮೇಲೆ ಓದಲು ಆಗುವುದಿಲ್ಲ.

ಉತ್ತರ 2

ನಾನು ದಕ್ಷಿಣ ಕನ್ನಡದವಳು. ಒಂದು ವಿನಂತಿ ಮಾತ್ರ. ನಮ್ಮ ಕಡೆಯ ದೈವಗಳ ಹೆಸರನ್ನು ಇದಕ್ಕೆ ತೆಗೆದುಕೊಳ್ಳಬೇಡಿ. ಪಂಜುರ್ಲಿ, ಗುಳಿಗ ನಮಗೆ ಕತೆಯ ಪಾತ್ರಗಳಲ್ಲ. ನಮ್ಮ ಕುಟುಂಬದಲ್ಲಿ ಈಗಲೂ ಕೋಲ ಕೊಡುತ್ತೇವೆ. ದೈವ ನುಡಿ ಕೊಡುವಾಗ ಅಜ್ಜ ಕೈಮುಗಿದು ನಿಲ್ಲುತ್ತಿದ್ದರು. ದೈವಕ್ಕೆ ಯಾರೂ ಕೆಲಸ ಹೇಳುವುದಿಲ್ಲ, ದೈವ ಹೇಳಿದ್ದನ್ನು ನಾವು ನಡೆಸಿಕೊಡುತ್ತೇವೆ. ಕರೆದು ಆಳುವ ಕತೆಗೆ ಅದು ಹೊಂದುವುದೂ ಇಲ್ಲ. ಮೇಲಿನವರು ಒರತೆಯನ್ನು ಹುಟ್ಟಿಸಿದ ಹಾಗೆ ನೀವೇ ಹುಟ್ಟಿಸಿಕೊಳ್ಳಿ. ಹೊಸ್ತಿಲು, ಗಾಣ, ಕಣ, ಕೆರೆಯ ತೂಬು, ಎಷ್ಟೊಂದು ಇವೆ ಅಲ್ವಾ.

ಉತ್ತರ 3

ಕಾಲೇಜಿನ ದಿನಗಳಲ್ಲಿ ತಾಳಮದ್ದಳೆಯಲ್ಲಿ, ಅಂದರೆ ಯಕ್ಷಗಾನದ ಪದ್ಯಗಳಿಗೆ ಕೂತೇ ಮಾತು ಕಟ್ಟುವ ಕಲೆಯಲ್ಲಿ, ಅರ್ಥ ಹೇಳುತ್ತಿದ್ದೆ. ರೋಲ್‌ಪ್ಲೇ ಶುರು ಮಾಡಿದಾಗ ನನಗೆ ಇದು ಹೊಸದು ಅನಿಸಲೇ ಇಲ್ಲ. ಅಲ್ಲೂ ವೇಷ ಇಲ್ಲ, ಕುಣಿತ ಇಲ್ಲ. ಪದ್ಯ ಗೊತ್ತು, ಕತೆ ಗೊತ್ತು, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಸಂಧಾನ ಮುರಿಯುತ್ತದೆ ಅಂತ ಕೂತ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಕೃಷ್ಣ ಏನಂತಾನೆ, ಕೌರವ ಅದಕ್ಕೆ ಏನಂತಾನೆ ಅಂತ ಕೇಳಲು ನಿದ್ದೆ ಬಿಟ್ಟು ಕೂರುತ್ತಾರೆ. ಹಾಗಾಗಿ ಮುಂದಿನ ಮೂರು ನಾಲ್ಕು ದೊಡ್ಡ ಘಟನೆಗಳನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ. ಸ್ವಾರಸ್ಯ ಹೋಗುತ್ತದೆ ಅಂತ ಹೆದರಬೇಡಿ.

ಒಬ್ಬರು ಭಾಗವತರಾಗಲೇಬೇಕು, ಅಂದರೆ ಪದ್ಯ ಹಾಡುತ್ತಾ ಆಟ ನಡೆಸುವವರು. ಪಾತ್ರದ ಮಾತು ಆಡುವ ಅರ್ಥಧಾರಿ ಅದನ್ನು ಎಳೆಯುತ್ತಾ ಹೋದರೆ ಭಾಗವತರು ಸುಮ್ನೆ ಮುಂದಿನ ಪದ್ಯ ಎತ್ತುತ್ತಾರೆ. ಯಾರನ್ನೂ ಬೈಯುವುದಿಲ್ಲ, ಕತೆ ಮಾತ್ರ ಮುಂದೆ ಹೋಗುತ್ತದೆ. ನಿಮ್ಮ ಆಟದಲ್ಲೂ ಅಷ್ಟೇ. ಊಟದ ಮನೆಯ ಜಗಳ ಹತ್ತು ದಿನ ಎಳೆದರೆ ಅವರು ಬಂದು 'ಬೆಳಗಾಯಿತು, ಗುರುಗಳು ಎಲ್ಲರನ್ನೂ ಕರೆಸಿದ್ದಾರೆ' ಅಂತ ಬರೆಯಲಿ. ಈ ಕೆಲಸ ಹೊತ್ತವರಿಗೆ ವಿದ್ಯಾರ್ಥಿ ಪಾತ್ರ ಕೊಡಬೇಡಿ. ಗುರುಗಳು, ಊರವರು, ಮಳೆ ಗಾಳಿ ಅವರ ಪಾಲಿಗಿರಲಿ.

ಮತ್ತೊಂದು, ಎದುರಿನವರಿಗೆ ಎಡೆ ಕೊಡುವುದು. ನಮ್ಮ ಗುರುಗಳು ಹೇಳಿಕೊಟ್ಟದ್ದು, ಎದುರಿನವನಿಗೆ ಹಿಡಿಯಲು ಒಂದು ಎಳೆ ಬಿಟ್ಟು ಮಾತು ಮುಗಿಸಬೇಕು ಅಂತ. 'ನಾನು ಅವನ ಕೈ ಹಿಡಿದೆ, ಅವನು ಅತ್ತ' ಅಂತ ಬರೆಯಬೇಡಿ. ಕೈ ಹಿಡಿಯುವುದು ನಿಮ್ಮ ಕೆಲಸ. ಅಳಬೇಕೋ ಬೇಡವೋ ಅವನಿಗೇ ಬಿಡಿ.

ಉತ್ತರ 4

ಕನ್ನಡದಲ್ಲಿ ಆಡುತ್ತೀರಿ ಅಂದಮೇಲೆ ನೀನು, ನೀವು ಎರಡನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ. ನಮ್ಮ ಆಟದಲ್ಲಿ ಕಟ್ಟುಬಿದ್ದ ಸ್ಪಿರಿಟ್ ಯಾವಾಗಲೂ 'ನೀವು' ಅನ್ನಬೇಕು, ವಿದ್ಯಾರ್ಥಿ ಅದಕ್ಕೆ 'ನೀನು' ಅನ್ನಬೇಕು ಅಂತಿತ್ತು. ಒಂದು ವರ್ಷ ಹಾಗೇ ನಡೆಯಿತು. ಒಂದು ರಾತ್ರಿ ನನ್ನ ಪಾತ್ರ ಗಾಣದ ಮನೆಯ ಬಾಗಿಲು ತಳ್ಳಿದಾಗ ಒಳಗಿಂದ ಸ್ಪಿರಿಟ್ ಬರೆದದ್ದು ಎರಡೇ ಮಾತು: 'ಬಾ, ಕೂತುಕೋ.' ಬನ್ನಿ ಅನ್ನಲಿಲ್ಲ. ಓಲೆ ಮುರಿದಿದೆ ಅಂತ ಎಲ್ಲರಿಗೂ ಆ ಕ್ಷಣಕ್ಕೇ ಗೊತ್ತಾಯಿತು. ಈಗ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ.

ಆಟ ಶುರುವಾಗುವ ಮುಂಚೆ ಇನ್ನೊಂದು ಕೆಲಸವಿದೆ. ತಮಗೆ ಕತೆಯಲ್ಲಿ ಬೇಡವಾದದ್ದನ್ನು ಪ್ರತಿಯೊಬ್ಬರೂ ಭಾಗವತರಿಗೆ ಖಾಸಗಿಯಾಗಿ ಬರೆದು ಕಳಿಸಲಿ. ಕಾರಣ ಕೇಳಬಾರದು. ನಮ್ಮಲ್ಲಿ ಒಬ್ಬರು ನೀರಲ್ಲಿ ಮುಳುಗುವ ದೃಶ್ಯ ಬೇಡ ಅಂದಿದ್ದರು. ಯಾಕೆ ಅಂತ ಇವತ್ತಿಗೂ ಯಾರೂ ಕೇಳಿಲ್ಲ, ಕತೆಯಲ್ಲಿ ಯಾರೂ ಮುಳುಗಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿ ಗೆಳತಿ ಭಾಗವತಿಕೆ ಒಪ್ಪಿಕೊಂಡಳು. ಅಲ್ಲಿಗೆ ವೃತ್ತಕ್ಕೆ ಐದು ಜನ. ಒಂದೇ ಭಯ ಉಳಿದಿದೆ. ಸ್ಪಿರಿಟ್ ಇನ್ನೊಬ್ಬರ ಕೈಲಿದ್ದು, ಅವರು ಮಧ್ಯದಲ್ಲಿ ಬಿಟ್ಟುಹೋದರೆ?

ಉತ್ತರ 1 ಬರೆದವರು

ಐದು ಜನಕ್ಕೂ ವೃತ್ತ ಚೆನ್ನಾಗಿ ಕೂರುತ್ತದೆ. ಬಿಟ್ಟುಹೋಗುವುದು ನಮ್ಮಲ್ಲೂ ಆಯಿತು. ಒರತೆಯನ್ನು ಬರೆಯುತ್ತಿದ್ದವರಿಗೆ ಮಗು ಹುಟ್ಟಿತು, ಬರೆಯಲು ಆಗುತ್ತಿರಲಿಲ್ಲ. ನಾವು ಬೇರೆಯವರನ್ನು ಹಾಕಲಿಲ್ಲ. ಹುಡುಗ ಬಾವಿಯ ಹತ್ತಿರ ಹೋಗಿ ಕರೆಯುತ್ತಿದ್ದ, ಏನೂ ಬರುತ್ತಿರಲಿಲ್ಲ. ಉಪ್ಪೂ ವಾಪಸು ಬರಲಿಲ್ಲ. ಏಳು ತಿಂಗಳು ಅವನ ಕತೆ ಅದೇ ಆಯಿತು. ಆಮೇಲೆ ಒಂದು ಮಧ್ಯಾಹ್ನ, ಯಾರಿಗೂ ಮೊದಲೇ ಹೇಳದೆ, ಕತೆಯ ಚಾನೆಲ್‌ನಲ್ಲಿ ಅವರಿಂದ ಒಂದು ಸಾಲು ಬಂತು: 'ಬಾವಿಯ ತಳದಲ್ಲಿ ಮಣ್ಣು ಒದ್ದೆಯಾಗಿದೆ.'