ಅಪ್‌ಡೇಟ್: ಓವನ್ ಪ್ಯಾನೆಲ್‌ನ ಎಫ್3 ಕೋಡ್ ಕೊನೆಗೂ ಹೋಯಿತು

ಓವನ್ ಕಾಯುತ್ತಿದ್ದ ಹಾಗೇ ಪ್ಯಾನೆಲ್ ಬೀಪ್ ಬೀಪ್ ಅಂತ ಬಡಿದುಕೊಂಡು ಎಫ್3 ಅನ್ನುವ ದೋಷದ ಕೋಡ್ ತೋರಿಸುತ್ತದೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು.

ಬ್ರೇಕರ್ ಆಫ್ ಮಾಡಿ ಆನ್ ಮಾಡಿ ಅಂತ ಜಾಸ್ತಿ ಜನ ಹೇಳಿದಿರಿ. ಕೋಡ್ ಹೋಗುತ್ತಿತ್ತು, ಓವನ್ ಕಾದ ಮೇಲೆ ಮತ್ತೆ ಹಾಜರು. ಕಂಟ್ರೋಲ್ ಬೋರ್ಡೇ ಹೋಗಿದೆ ಅನ್ನುವ ಊಹೆಯೂ ನಿಲ್ಲಲಿಲ್ಲ. ಪುಣ್ಯಕ್ಕೆ ಹೊಸ ಬೋರ್ಡ್ ತರಿಸಿರಲಿಲ್ಲ.

ಕೆಲಸಕ್ಕೆ ಬಂದಿದ್ದು ಮಲ್ಟಿಮೀಟರ್‌ನಲ್ಲಿ ಓವನ್‌ನ ಬಿಸಿ ತಿಳಿಸುವ ಸೆನ್ಸರ್‌ನ ರೆಸಿಸ್ಟೆನ್ಸ್ ಅಳೆಯಿರಿ ಅಂದವರ ಮಾತು. ಕರೆಂಟ್ ಪೂರ್ತಿ ತೆಗೆದು, ಓವನ್ ತಣ್ಣಗಿದ್ದಾಗ ನೋಡಿದೆ. ಸೆನ್ಸರ್ 1,085 ಓಮ್ ತೋರಿಸಿತು. ಈ ಥರದ ಸೆನ್ಸರ್‌ಗೆ 1,080ರ ಆಸುಪಾಸು ಇದ್ದರೆ ಸರಿ. ಆದರೆ ಬೋರ್ಡ್ ಕಡೆಯ ತುದಿಯಿಂದ ಅಳೆದರೆ ಓಪನ್, ಅಂದರೆ ನಡುವೆ ಎಲ್ಲೋ ಸಂಪರ್ಕವೇ ತಪ್ಪಿದೆ! ಹಿಂದಿನ ತಗಡು ಬಿಚ್ಚಿದಾಗ ಗೊತ್ತಾಯಿತು, ಸೆನ್ಸರ್ ಮತ್ತು ಬೋರ್ಡ್ ನಡುವಿನ ಕನೆಕ್ಟರ್‌ನ ಒಂದು ಪಿನ್ ಕಪ್ಪಗೆ ಸುಟ್ಟು ಅಲ್ಲಾಡುತ್ತಿತ್ತು. ಆ ಕನೆಕ್ಟರ್ ಕತ್ತರಿಸಿ, ಸೆರಾಮಿಕ್ ವೈರ್ ನಟ್ (ತಂತಿ ತುದಿಗಳನ್ನು ಸೇರಿಸಿ ತಿರುಗಿಸುವ ಟೋಪಿ) ಹಾಕಿ ತಂತಿ ಸೇರಿಸಿದೆ. ಮಾಮೂಲಿ ಪ್ಲಾಸ್ಟಿಕ್‌ನದು ಆ ಬಿಸಿಗೆ ತಡೆಯುವುದಿಲ್ಲ. ಸೆನ್ಸರ್ ತಂತಿಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಸೇರಿಸಿದರೂ ನಡೆಯುತ್ತದೆ.

ಇನ್ನೊಂದು ಮಜಾ ಅಂದರೆ, ಕೋಡ್‌ಗಳ ಪಟ್ಟಿ, ವೈರಿಂಗ್ ಚಿತ್ರ ಎಲ್ಲ ಇರುವ ಹಾಳೆ ಆ ತಗಡಿನ ಒಳಗೇ ಮಡಚಿಕೊಂಡು ಕೂತಿತ್ತು. ಎಫ್3 ಅರ್ಥ ಎಲ್ಲ ಕಂಪನಿಗೂ ಒಂದೇ ಅಲ್ಲ, ಹಾಗಾಗಿ ಮೊದಲು ನಿಮ್ಮ ಓವನ್‌ನಲ್ಲೂ ಆ ಹಾಳೆ ಹುಡುಕಿ.